ಎಪ್ಪತ್ತು ಗಂಟೆಯ ಜಗಳದಲ್ಲಿ ಕಳೆದುಹೋದ ಪ್ರಶ್ನೆ

ಬೆಂಗಳೂರಿನ ನೌಕರರ ಕಿವಿಗೆ ಈಚೆಗೆ ಬಿದ್ದ ಕೆಲವು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ, ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ 90 ಗಂಟೆ ಅಂದಿದ್ದು ಹೊರಬಿತ್ತು. ಮನೆಯಲ್ಲಿ ಕೂತು ಹೆಂಡತಿ ಮುಖ ಎಷ್ಟು ಹೊತ್ತು ನೋಡ್ತೀರಿ ಅಂತಲೂ ಅವರು ಕೇಳಿದ್ದರು. ಅದೇ ವರ್ಷದ ಮಧ್ಯದಲ್ಲಿ, ಅದೇ ಇನ್ಫೋಸಿಸ್ ತನ್ನ ನೌಕರರಿಗೆ ದಿನಕ್ಕೆ 9 ಗಂಟೆ 15 ನಿಮಿಷ ದಾಟಬೇಡಿ, ಆರೋಗ್ಯ ನೋಡಿಕೊಳ್ಳಿ ಎಂದು ಇಮೇಲ್ ಕಳಿಸುತ್ತಿದೆ ಎಂಬ ಸುದ್ದಿ ಬಂತು. ಆ ಹೊತ್ತಿಗೇ ರಾಜ್ಯ ಕಾರ್ಮಿಕ ಇಲಾಖೆ ದಿನದ ಕೆಲಸವನ್ನು 10 ಗಂಟೆಗೆ ಏರಿಸುವ ಪ್ರಸ್ತಾವ ಮುಂದಿಟ್ಟಿತು. ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದು ದಿನಕ್ಕೆ 8 ಗಂಟೆ ಅಂದಿತು.

70, 90, 9.15, 10, 8. ತಲೆ ಕೆಡದೆ ಇನ್ನೇನು?

ಈ ಅಂಕಿಗಳ ಗಲಾಟೆಯಲ್ಲಿ ಇನ್ನೊಂದು ಪ್ರಶ್ನೆ ಅಡಿಗೆ ಬಿದ್ದಿದೆ. ಇಷ್ಟೊಂದು ದುಡಿದು ಸಾರ್ಥಕ ಅನ್ನಿಸುತ್ತಿದೆಯಾ? ಜಾಸ್ತಿ ದುಡಿಯಿರಿ ಅನ್ನುವವರು ದುಡಿತದಲ್ಲೇ ಸಾರ್ಥಕತೆ ಇದೆ ಅನ್ನುತ್ತಾರೆ. ಬೇಡ ಅನ್ನುವವರು ಸಾರ್ಥಕತೆ ಇರುವುದು ಕೆಲಸದ ಹೊರಗೆ ಅನ್ನುತ್ತಾರೆ. ಇಬ್ಬರ ಕೈಯಲ್ಲೂ ಇರುವುದು ಒಂದೇ ಅಳತೆಗೋಲು, ಗಡಿಯಾರ. ತೊಡಕು ಶುರುವಾಗುವುದು ಅಲ್ಲಿಂದ.

ಮೊದಲು ಕಾನೂನಿನ ಲೆಕ್ಕ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗೂ ಚಿಕ್ಕಪೇಟೆಯ ಸೀರೆ ಅಂಗಡಿಗೂ ಅನ್ವಯಿಸುವುದು ಒಂದೇ ಕಾಯಿದೆ. ಅದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ. ಇದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿಸಿದರೆ ದಿನಕ್ಕೆ 10 ಗಂಟೆ. ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ಮೀರುವಂತಿಲ್ಲ. ಆ ಹೊತ್ತಿಗೆ ದುಪ್ಪಟ್ಟು ಸಂಬಳ ಕೊಡಬೇಕು.

ಕೇಂದ್ರದ ಸಂಹಿತೆಗಳು ಬಂದವಲ್ಲ, ಇದು ರದ್ದಾಯಿತಾ? ಇಲ್ಲ. ಸಂಹಿತೆಗಳು ನುಂಗಿದ್ದು ಕೇಂದ್ರದ 29 ಹಳೆಯ ಕಾನೂನುಗಳನ್ನು. ಇದು ರಾಜ್ಯದ ಕಾಯಿದೆ, ಹಾಗೇ ಉಳಿದಿದೆ. ಗೊಂದಲ ಹುಟ್ಟುವುದು ಇಲ್ಲೇ: ಎರಡು ಸರ್ಕಾರಗಳ ಎರಡು ಕಾನೂನುಗಳು ಒಂದೇ ಮೇಜಿನ ಮುಂದೆ ಕೂತ ಒಬ್ಬನೇ ಮನುಷ್ಯನ ಬಗ್ಗೆ ಮಾತಾಡುತ್ತವೆ.

2025ರ ಜೂನ್‌ನ ಪ್ರಸ್ತಾವದಲ್ಲಿ ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12 ಗಂಟೆ ಎಂದಿತ್ತು. ಪತ್ರಿಕೆಗಳ ತಲೆಬರಹದಲ್ಲಿ ಮಿಂಚಿದ್ದು ಈ ಎರಡು ಅಂಕಿಗಳು. ನಿಜವಾಗಿ ನೋಡಬೇಕಾದ್ದು ಮೂರನೆಯದು. ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 50ರಿಂದ 144 ಗಂಟೆಗೆ ಏರಿಸುವುದು.

ಲೆಕ್ಕ ಹಾಕಿ. ಮೂರು ತಿಂಗಳು ಅಂದರೆ 13 ವಾರ. ಈಗಿನ 50 ಗಂಟೆಯನ್ನು ಹಂಚಿದರೆ ವಾರಕ್ಕೆ 4 ಗಂಟೆಗೆ ತುಸು ಕಡಿಮೆ, 48ರ ಜೊತೆ ಸೇರಿಸಿದರೆ ಒಟ್ಟು ಸುಮಾರು 52. 144 ಗಂಟೆ ಹಂಚಿದರೆ ವಾರಕ್ಕೆ 11, ಒಟ್ಟು 59. ಈ ಏಳು ಗಂಟೆಯ ನಡುವೆ ಒಂದು ಗೆರೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಜಂಟಿ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ರಕ್ತನಾಳ ಕಟ್ಟಿಕೊಂಡು ಬರುವ ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಹಳೆಯ ಮಿತಿ ಆ 55ರ ಈಚೆ ನಿಲ್ಲುತ್ತದೆ, ಹೊಸದು ಆಚೆ ದಾಟುತ್ತದೆ.

ಇನ್ನು 70 ಗಂಟೆ ಅನ್ನುವುದು ಆ ಹೊಸ ಪ್ರಸ್ತಾವದ ಲೆಕ್ಕಕ್ಕೂ ಸಿಗದ್ದು. ಒಂದು ವೇಳೆ ಕಾಯಿದೆಯ ದರದಲ್ಲೇ ಸಂಬಳ ಕಟ್ಟಿದರೆ, 48ರ ಮೇಲಿನ 22 ಗಂಟೆಗೆ ದುಪ್ಪಟ್ಟು, ಅಂದರೆ 92 ಗಂಟೆಯ ಸಂಬಳ ಆಗುತ್ತದೆ. ಟಿವಿ ಚರ್ಚೆಗಳಲ್ಲಿ ಈ ಲೆಕ್ಕ ಅಷ್ಟಾಗಿ ಕೇಳಿಬರಲಿಲ್ಲ.

ಇನ್ನೊಂದು ಸಣ್ಣ ಕಿಂಡಿಯೂ ಉಂಟು. ಆಡಳಿತದ ಹುದ್ದೆಯಲ್ಲಿರುವವರಿಗೆ 1961ರ ಕಾಯಿದೆ ಅನ್ವಯವಾಗುವುದಿಲ್ಲ. ಹೊಸ ಸಂಹಿತೆಗಳಲ್ಲೂ ಮ್ಯಾನೇಜರ್‌ಗಳು ‘ಕಾರ್ಮಿಕ’ ಅನ್ನುವ ಮಾತಿನ ಹೊರಗೆ. ಬೆಂಗಳೂರಿನಲ್ಲಿ ಮ್ಯಾನೇಜರ್ ಅನ್ನುವ ಪದವಿಗೇನೂ ಬರ ಇಲ್ಲವಲ್ಲ. ಹೆಸರಿಗಿಂತ ಮಾಡುವ ಕೆಲಸ ಏನು ಅನ್ನುವುದು ಮುಖ್ಯ ಎಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಆದರೆ ಅಷ್ಟು ದೂರ ಹೋಗುವವರು ಯಾರು?

ಏರಿಸಿ ಅನ್ನುವವರಿಗೂ ಕಾರಣ ಇದೆ

ಉದ್ಯಮದ ವಾದವನ್ನು ಸುಮ್ನೆ ದುರಾಸೆ ಎಂದು ತಳ್ಳಿಹಾಕಿದರೆ ಕೆಲವು ಸಂಗತಿ ಕೈತಪ್ಪುತ್ತವೆ. ಬೆಂಗಳೂರಿನ ಐಟಿಗೆ ಅನ್ನ ಹಾಕುವ ಗ್ರಾಹಕರು ಹೆಚ್ಚಾಗಿ ಅಮೆರಿಕದಲ್ಲಿದ್ದಾರೆ. ನ್ಯೂಯಾರ್ಕ್‌ಗೂ ನಮಗೂ ಒಂಬತ್ತೂವರೆಯಿಂದ ಹತ್ತೂವರೆ ಗಂಟೆ ವ್ಯತ್ಯಾಸ. ಅವರು ಕಾಫಿ ಕುಡಿದು ಕೂರುವಾಗ ಇಲ್ಲಿ ದೀಪ ಹಚ್ಚಿ ಆಗಿರುತ್ತದೆ. ರಾತ್ರಿ ಕ್ಲೈಂಟ್ ಕಾಲ್ ಇಲ್ಲದೆ ಈ ವ್ಯಾಪಾರ ನಡೆಯುವುದಿಲ್ಲ. ರಿಲೀಸ್ ಹತ್ತಿರ ಬಂದಾಗ ಒಂದು ವಾರ ಜಾಸ್ತಿ, ಆಮೇಲೆ ಕಡಿಮೆ ಅನ್ನುವ ಸಡಿಲಿಕೆ ಬೇಕು ಎಂದು ಕಂಪನಿಗಳು ಕೇಳುತ್ತವೆ. ಪಕ್ಕದ ತೆಲಂಗಾಣ ಮತ್ತು ಮಹಾರಾಷ್ಟ್ರ 2025ರಲ್ಲೇ ದಿನಕ್ಕೆ 10 ಗಂಟೆಯತ್ತ ಹೆಜ್ಜೆ ಇಟ್ಟವು. ಬಂಡವಾಳ ಅತ್ತ ಹೋದೀತು ಅನ್ನುವ ಭಯ ವಿಧಾನಸೌಧಕ್ಕೂ ಇದೆ.

ಮೂರ್ತಿ ಅವರು ಕೊಟ್ಟ ಉದಾಹರಣೆ ಯುದ್ಧಾನಂತರದ ಜರ್ಮನಿ ಮತ್ತು ಜಪಾನ್. ಕಟ್ಟುವ ಕಾಲದಲ್ಲಿ ಅವರು ಬೆವರು ಸುರಿಸಿದ್ದು ಹೌದು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಇವತ್ತು ಶ್ರೀಮಂತ ದೇಶಗಳಲ್ಲಿ ವರ್ಷಕ್ಕೆ ಅತಿ ಕಡಿಮೆ ಗಂಟೆ ದುಡಿಯುವವರ ಸಾಲಿನಲ್ಲಿ ಜರ್ಮನರಿದ್ದಾರೆ. ಜಪಾನ್‌ನಲ್ಲಿ ದುಡಿದು ದುಡಿದು ಸಾಯುವುದಕ್ಕೆ ‘ಕರೋಶಿ’ ಎಂಬ ಪದವೇ ಹುಟ್ಟಿತು. ಕೊನೆಗೆ 2018ರಲ್ಲಿ ಓವರ್‌ಟೈಮ್‌ಗೆ ತಿಂಗಳಿಗೆ 45 ಗಂಟೆಯ ಸಾಮಾನ್ಯ ಮಿತಿ ಹಾಕುವ ಕಾನೂನು ಮಾಡಬೇಕಾಯಿತು.

ಮೂರ್ತಿ ಅವರೇ 2025ರ ಜನವರಿಯಲ್ಲಿ, ಇದು ಹೇರುವ ವಿಷಯವಲ್ಲ, ತಾವಾಗಿ ಯೋಚಿಸಿಕೊಳ್ಳಬೇಕಾದ್ದು ಎಂದರು. ತಾವು ದಶಕಗಳ ಕಾಲ ಹಾಗೆ ದುಡಿದಿದ್ದನ್ನೂ ಹೇಳಿಕೊಂಡರು. ಅದರಲ್ಲಿ ಅನುಮಾನ ಪಡುವುದೇನೂ ಇಲ್ಲ. ಆದರೆ ತನ್ನ ಹೊಲ ಉಳುವವನಿಗೂ ಕೂಲಿಗೆ ಉಳುವವನಿಗೂ ಹೊತ್ತು ಒಂದೇ ಥರ ಸರಿಯುವುದಿಲ್ಲ, ಅಲ್ವಾ? 1981ರಲ್ಲಿ ಏಳು ಜನ ಸೇರಿ ಕಟ್ಟಿದ ಕಂಪನಿಯಲ್ಲಿ ಆ ಏಳು ಜನರ ಒಂದೊಂದು ಗಂಟೆಯೂ ಅವರ ಹೊಲಕ್ಕೇ ಬೀಳುತ್ತಿತ್ತು. ನ್ಯಾಯವಾಗಿ ಹೇಳಬೇಕೆಂದರೆ, 1990ರ ದಶಕದಲ್ಲಿ ಇನ್ಫೋಸಿಸ್ ತನ್ನ ನೌಕರರಿಗೂ ಷೇರು ಹಂಚಿತು. ಆ ತಲೆಮಾರಿನ ಕೆಲವರು ರಾತ್ರಿ ಹಗಲು ದುಡಿದ ದಿನಗಳನ್ನು ಇವತ್ತಿಗೂ ಖುಷಿಯಿಂದ ನೆನೆಯುತ್ತಾರೆ ಅಂದರೆ ಅದು ಸುಳ್ಳಲ್ಲ. ಹೊಲದಲ್ಲಿ ಪಾಲಿತ್ತು. ಈಗ ವರ್ಷಕ್ಕೆ ಮೂರೂವರೆ ಲಕ್ಷಕ್ಕೆ ಸೇರುವ ಹೊಸಬರಿಗೆ ಅದೇ ಉತ್ಸಾಹ ತೋರಿಸಿ ಅನ್ನುವಾಗ, ಪಾಲಿನ ಮಾತು ಮಾತ್ರ ಬಿಟ್ಟುಹೋಗಿರುತ್ತದೆ.

ಬೇಸರ ಹೋದರೆ ತೃಪ್ತಿ ಬರುತ್ತದೆಯೇ

1950ರ ದಶಕದ ಕೊನೆಯಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರ್‌ಗಳನ್ನು, ಅಕೌಂಟೆಂಟ್‌ಗಳನ್ನು ಮಾತಾಡಿಸಿದರು. ಕೆಲಸದಲ್ಲಿ ಯಾವಾಗ ತುಂಬ ಖುಷಿಯಾಯಿತು, ಯಾವಾಗ ತುಂಬ ಬೇಜಾರಾಯಿತು ಅನ್ನುವುದು ಪ್ರಶ್ನೆ. ಖುಷಿಯ ಕಾರಣಗಳೂ ಬೇಜಾರಿನ ಕಾರಣಗಳೂ ಬೇರೆ ಬೇರೆ ಗುಂಪಿಗೆ ಸೇರಿದ್ದು ಅವರಿಗೆ ಕಂಡಿತು. ಸಂಬಳ, ಮೇಲಿನವರ ನಡತೆ, ಕಚೇರಿಯ ನಿಯಮ ಸರಿಯಿಲ್ಲದಿದ್ದರೆ ಬೇಜಾರು. ಅವನ್ನು ಸರಿಮಾಡಿದರೆ ಬೇಜಾರು ಹೋಗುತ್ತದೆ, ಅಷ್ಟೇ. ಖುಷಿ ಬರುವುದು ಮಾಡಿದ ಕೆಲಸ ಚೆನ್ನಾಗಿ ಮುಗಿದಾಗ, ಅದನ್ನು ಯಾರಾದರೂ ಗುರುತಿಸಿದಾಗ, ಹೊಣೆ ಸಿಕ್ಕಾಗ.

ಅವರ ವಿಧಾನದ ಬಗ್ಗೆ ಆಮೇಲೆ ಸಾಕಷ್ಟು ಟೀಕೆ ಬಂತು. ಜನ ಗೆದ್ದರೆ ನಾನು, ಸೋತರೆ ಕಂಪನಿ ಅನ್ನುವುದು ಸಹಜ ತಾನೇ ಎಂದು ಕೇಳಿದವರಿದ್ದಾರೆ. ಆದರೂ ಬೆಂಗಳೂರಿನ ಒಂದು ಒಗಟು ಬಿಡಿಸಲು ಈ ಭೇದ ಸಾಕು. ಜಿಮ್, ಉಚಿತ ಊಟ, ಮನೆ ಬಾಗಿಲಿಗೆ ಕ್ಯಾಬ್, ಶುಕ್ರವಾರದ ಆಟ, ‘ಮನಶ್ಶಾಂತಿ’ಯ ತರಬೇತಿ ಎಲ್ಲ ಇದ್ದೂ ಜನ ಯಾಕೆ ಸಪ್ಪಗಿರುತ್ತಾರೆ? ಇವೆಲ್ಲ ಬೇಜಾರು ತಪ್ಪಿಸುವ ಗುಂಪಿನವು. ಕಾಲಿಗೆ ಚುಚ್ಚುವ ಮುಳ್ಳು ತೆಗೆದ ಮಾತ್ರಕ್ಕೆ ದಾರಿ ತಿಳಿದಂತಾಗುವುದಿಲ್ಲ.

ಗಂಟೆಯ ಜಗಳವೂ ಹಾಗೇ. ಕೆಲಸದ ಹೊತ್ತು ಕಡಿಮೆಯಾದರೆ ದೇಹ ಉಳಿಯುತ್ತದೆ, ಮನೆಯವರ ಮುಖ ಕಾಣುತ್ತದೆ. ಅದು ದೊಡ್ಡದೇ. ಹೆಬ್ಬಾಳದಿಂದ ಹೊರವರ್ತುಲ ರಸ್ತೆಗೆ, ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಓಡಾಡುವವರಿಗಂತೂ ಇನ್ನೂ ದೊಡ್ಡದು. ವಾಹನ ಸಂಚಾರ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಈ ಊರಿನಲ್ಲಿ 10 ಕಿಲೋಮೀಟರ್ ದಾಟಲು ಸರಾಸರಿ 34 ನಿಮಿಷ ಬೇಕಿತ್ತು. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮೆಟ್ರೊ ಎಲೆಕ್ಟ್ರಾನಿಕ್ ಸಿಟಿಯವರಿಗೆ ಕೊಟ್ಟ ಸಮಯವನ್ನು ಯಾವ ಎಚ್‌ಆರ್ ಇಲಾಖೆಯೂ ಕೊಡಲಾರದು. ಆದರೆ ಕೆಲಸದ ಒಳಗಿನ ಎಂಟು ಗಂಟೆ ಖಾಲಿ ಅನ್ನಿಸುತ್ತಿದ್ದರೆ, ಹನ್ನೊಂದರಿಂದ ಎಂಟಕ್ಕೆ ಇಳಿಸಿದರೂ ಆ ಎಂಟು ಖಾಲಿಯೇ.

ಕೈ ಎಲ್ಲೋ, ಕೆಲಸ ಎಲ್ಲೋ

ಖಾಲಿ ಯಾಕೆ ಅನ್ನಿಸುತ್ತದೆ? 1970ರ ದಶಕದಲ್ಲಿ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಇಬ್ಬರು ಸಂಶೋಧಕರು ಕೆಲಸಕ್ಕೆ ಅರ್ಥ ಕೊಡುವ ಗುಣಗಳನ್ನು ಗುರುತಿಸಿದರು. ಅದರಲ್ಲಿ ಬೆಂಗಳೂರಿಗೆ ಹೆಚ್ಚು ತಾಗುವುದು ಒಂದು. ಮಾಡುವವನಿಗೆ ತನ್ನ ಕೆಲಸದ ಮೊದಲೂ ಕೊನೆಯೂ ಕಾಣಬೇಕು ಅನ್ನುವುದು.

ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯನ್ನು ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಶುರುವಾದದ್ದು. ಅಲ್ಲಿನ ಕೆಲಸವೇನೂ ಕಾವ್ಯವಲ್ಲ. ದಿನವಿಡೀ ಬಗ್ಗಿ ಕೂತು ಚಿಮಟದಲ್ಲಿ ಸಣ್ಣ ಚಕ್ರ ಕೂರಿಸುವುದು, ಸೈರನ್‌ಗೆ ಎದ್ದು ಸೈರನ್‌ಗೆ ಕೂರುವುದು. ಆದರೆ ಸಂಜೆ ಬಸ್ಸಿನಲ್ಲಿ ಪಕ್ಕದವನ ಮಣಿಕಟ್ಟಿನಲ್ಲಿ ಒಂದು ಜನತಾ, ಮದುವೆ ಮನೆಯಲ್ಲಿ ವರನ ಕೈಯಲ್ಲಿ ಒಂದು ಕಾಂಚನ ಕಾಣುತ್ತಿತ್ತು. ಕೆಲಸ ಎಲ್ಲಿಗೆ ಹೋಗಿ ಸೇರುತ್ತದೆ ಅನ್ನುವುದನ್ನು ಯಾರೂ ವಿವರಿಸಬೇಕಿರಲಿಲ್ಲ. ಐಟಿಐ ಫೋನು, ಬಿಇಎಲ್ ರೇಡಿಯೊ, ಎಚ್‌ಎಎಲ್ ವಿಮಾನ ಎಲ್ಲದರದ್ದೂ ಇದೇ ಕಥೆ. ಹಾಗೆಂದು ಅದು ಸ್ವರ್ಗವಾಗಿರಲಿಲ್ಲ. ಇದೇ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 1980ರ ಕೊನೆಯಿಂದ 77 ದಿನ ಮುಷ್ಕರ ಹೂಡಿದರು. ಕೆಲಸದ ಹೆಮ್ಮೆಯೂ ಸಂಬಳದ ಜಗಳವೂ ಒಂದೇ ಮನುಷ್ಯನಲ್ಲಿ ಇರಬಹುದು.

ಈಗ ಸಾಫ್ಟ್‌ವೇರ್ ಸೇವೆಯ ಕೆಲಸ ನೋಡಿ. ಎಲ್ಲೋ ಇರುವ ವಿಮಾ ಕಂಪನಿ, ಅದರ ದೊಡ್ಡ ವ್ಯವಸ್ಥೆಯ ಒಂದು ಮೂಲೆ, ಆ ಮೂಲೆಯ ಒಂದು ಟಿಕೆಟ್, ಅಂದರೆ ಸರಿಮಾಡಿ ಎಂದು ಬಂದ ಒಂದು ಕೋರಿಕೆ. ಟಿಕೆಟ್ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಅದರಿಂದ ಯಾರಿಗೆ ಅನುಕೂಲವಾಯಿತು ಅನ್ನುವುದು ಮಾಡಿದವರಿಗೆ ಗೊತ್ತಾಗುವುದು ಅಪರೂಪ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತೇವೆ. ಆ ಗಾದೆ ಹುಟ್ಟಿದ ಊರಿನಲ್ಲಿ ಕೈಯೂ ಬಾಯಿಯೂ ಒಬ್ಬರದ್ದೇ. ಇಲ್ಲಿ ಕೈ ಬೆಳ್ಳಂದೂರಿನಲ್ಲಿ, ಬಾಯಿ ಬೋಸ್ಟನ್‌ನಲ್ಲಿ. ನಡುವೆ ಇರುವುದು ಟೈಮ್‌ಶೀಟ್. ಕ್ಲೈಂಟ್‌ಗೆ ಬಿಲ್ ಹೋಗುವುದೇ ಎಷ್ಟೋ ಕಡೆ ಗಂಟೆಯ ಲೆಕ್ಕದಲ್ಲಿ. ಹಾಗಾಗಿ ಕಂಪನಿಗೆ ನಿಮ್ಮ ಗಂಟೆ ಸರಕಾಗುತ್ತದೆ. ಮಾಲೀಕರು ಗಂಟೆಯ ಭಾಷೆಯಲ್ಲೇ ಯಾಕೆ ಮಾತಾಡುತ್ತಾರೆ ಅಂದರೆ, ಅವರು ಮಾರುವುದು ಅದನ್ನೇ.

ಇದಕ್ಕೆ ಇನ್ನೊಂದು ಭಯ ಸೇರಿದೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿತ ಮಾಡುವುದಾಗಿ ಹೇಳಿತು. ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ದರ್ಜೆಯವರು. ಬೆಂಚ್ ಮೇಲೆ, ಅಂದರೆ ಪ್ರಾಜೆಕ್ಟ್ ಇಲ್ಲದೆ ಕಾಯುತ್ತ, ಎಷ್ಟು ದಿನ ಕೂರಬಹುದು ಅನ್ನುವುದಕ್ಕೂ ಮಿತಿ ಬಂತು. ವರ್ಷಗಟ್ಟಲೆ ದುಡಿದವರೇ ಮೊದಲು ಹೋಗುವುದನ್ನು ಕಂಡ ಹುಡುಗರಿಗೆ ‘ಕಂಪನಿಯೇ ಕುಟುಂಬ’ ಅನ್ನುವ ಮಾತು ಹೇಗೆ ಕೇಳಿಸೀತು? ಆಗ ಅವರು ಎರಡರಲ್ಲಿ ಒಂದು ಮಾಡುತ್ತಾರೆ. ಭಯಕ್ಕೆ ಬಿದ್ದು ಲ್ಯಾಪ್‌ಟಾಪ್ ಮುಚ್ಚದೇ ಕೂರುತ್ತಾರೆ, ಇಲ್ಲವೇ ಕೊಟ್ಟಷ್ಟು ಮಾಡಿ ಸುಮ್ಮನಾಗುತ್ತಾರೆ. ಎರಡನೆಯದನ್ನು ಸೋಮಾರಿತನ ಅನ್ನುವುದು ಸುಲಭ. ನನಗೆ ಅದು ಲೆಕ್ಕಾಚಾರವಾಗಿ ಕಾಣುತ್ತದೆ.

ಪೊರಕೆ ಅದೇ, ಬೀದಿ ಅದೇ

ಈ ಚರ್ಚೆ ಐಟಿಯವರ ಸುತ್ತಲೇ ಸುತ್ತುತ್ತದೆ. ಊರು ಎದ್ದೇಳುವ ಮೊದಲೇ ಮಸ್ಟರಿಂಗ್‌ಗೆ, ಅಂದರೆ ಹಾಜರಿ ಹಾಕಿಸಲು, ನಿಲ್ಲುವ ಪೌರಕಾರ್ಮಿಕರ ಕಡೆ ತಿರುಗಿದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ.

ಅವರ ಕೆಲಸದ ಮೊದಲೂ ಕೊನೆಯೂ ಎಲ್ಲರಿಗೂ ಕಾಣುತ್ತದೆ. ಗುಡಿಸುವ ಮುಂಚಿನ ಬೀದಿ, ಗುಡಿಸಿದ ಮೇಲಿನ ಬೀದಿ. ಊರಿಗೆ ಅದರಿಂದ ಏನು ಲಾಭ ಅನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಒಂದು ದಿನ ನಿಂತರೆ ಸಾಕು, ಮೂಗಿಗೇ ಗೊತ್ತಾಗುತ್ತದೆ. ಪುಸ್ತಕದ ಪ್ರಕಾರ ಇದು ಅರ್ಥ ತುಂಬಿದ ಕೆಲಸ. ಆದರೂ ದಶಕಗಳ ಕಾಲ ಅದನ್ನು ಗುತ್ತಿಗೆಯಲ್ಲಿ, ಜಾತಿಯ ಹೊರೆಯಲ್ಲಿ, ಇವತ್ತು ಇದ್ದು ನಾಳೆ ಇಲ್ಲದ ಸ್ಥಿತಿಯಲ್ಲಿ ಮಾಡಿಸಿಕೊಂಡೆವು. 2022ರ ಜುಲೈನಲ್ಲಿ ಅವರು ಕೆಲಸ ನಿಲ್ಲಿಸಿ ಫ್ರೀಡಂ ಪಾರ್ಕ್‌ನಲ್ಲಿ ಕೂತರು. ಕೇಳಿದ್ದು ಕೆಲಸ ಕಾಯಂ ಮಾಡಿ ಎಂದು. 2025ರ ಮೇ 1ರಂದು ಬಿಬಿಎಂಪಿಯ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಆದೇಶ ಸಿಕ್ಕಿತು.

ಮೇ 2ರಂದು ಪೊರಕೆ ಬದಲಾಗಲಿಲ್ಲ, ಬೀದಿಯೂ ಬದಲಾಗಲಿಲ್ಲ. ಆದರೆ ರಜೆ ಕೇಳಿದರೆ ಕೆಲಸ ಹೋಗುತ್ತದೆ ಅನ್ನುವ ಭಯಕ್ಕೆ ಕಾರಣ ಕಡಿಮೆಯಾಯಿತು. ಕೈಯಲ್ಲೊಂದು ಆದೇಶ ಪತ್ರ ಇದ್ದವರಿಗೆ ಬ್ಯಾಂಕಿನಲ್ಲೂ ಬೇರೆ ಮರ್ಯಾದೆ. ಹರ್ಜ್‌ಬರ್ಗ್ ಭದ್ರತೆಯನ್ನು ಬೇಜಾರು ತಪ್ಪಿಸುವ ಗುಂಪಿಗೆ ಹಾಕಿದ್ದರು. ಬಹುಶಃ ಅಮೆರಿಕದ ಎಂಜಿನಿಯರ್‌ಗಳಿಗೆ ಅದು ಸರಿ. ‘ನೀನು ಬೇಕಾದವಳು’ ಎಂದು ಊರು ಮೊದಲ ಸಲ ಬರೆದುಕೊಟ್ಟಿದ್ದೇ ಒಂದು ಆದೇಶ ಪತ್ರದಲ್ಲಿ ಆದರೆ, ಭದ್ರತೆ ಎಲ್ಲಿ ಮುಗಿದು ಗೌರವ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳು 2016ರ ಏಪ್ರಿಲ್‌ನಲ್ಲಿ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದ್ದರು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಬಂದಾಗ, ಸಾವಿರಾರು ಜನ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಆ ನಿಯಮ ವಾಪಸ್ ತೆಗೆದುಕೊಂಡಿತು. ಮಿಷನ್ ಮುಂದೆ ಒಂದೇ ಕಾಲರ್, ಒಂದೇ ತೋಳು ಹೊಲಿಯುವ ಕೆಲಸದಲ್ಲಿ ಅರ್ಥ ಹುಡುಕುವುದು ಕಷ್ಟ. ಮಗಳ ಫೀಸು, ಊರಿನ ಮನೆ, ಬಿಡಿಸಬೇಕಾದ ಒಡವೆ. ಅವರ ದುಡಿತದ ಅರ್ಥ ಇದ್ದದ್ದು ಆ ಹಣದಲ್ಲಿ. ‘ಉದ್ದೇಶ ಸಂಬಳಕ್ಕಿಂತ ದೊಡ್ಡದು’ ಎಂದು ಭಾಷಣ ಮಾಡುವವರು ಇದನ್ನು ಮರೆಯುತ್ತಾರೆ.

ಡೆಲಿವರಿ ಹುಡುಗರದು ಮತ್ತೊಂದು ಬಗೆ. ನೀನೇ ನಿನ್ನ ಬಾಸ್ ಎಂದು ಹೇಳುವ ಆ್ಯಪೇ ಯಾವ ಆರ್ಡರ್ ಕೊಡಬೇಕು, ಯಾರ ಐಡಿ ಮುಚ್ಚಬೇಕು ಎಂದು ತೀರ್ಮಾನಿಸುತ್ತದೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯಿದೆ ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸುತ್ತದೆ. ಕೆಲಸದಿಂದ ತೆಗೆಯುವ ಮುನ್ನ ಕಾರಣ ಕೊಟ್ಟು 14 ದಿನದ ನೋಟಿಸ್ ಕೊಡಬೇಕು ಅನ್ನುತ್ತದೆ. ಶುಲ್ಕದ ಸುದ್ದಿ ಎಲ್ಲರಿಗೂ ಮುಟ್ಟಿದೆ. ನನ್ನ ಲೆಕ್ಕದಲ್ಲಿ ಕಾರಣ ಕೇಳುವ ಹಕ್ಕೇ ದೊಡ್ಡದು.

ಕಾಯಕದ ಮಾತು, ಅಕ್ಕಿಯ ಮಾತು

ಹೆಚ್ಚು ದುಡಿಯಿರಿ ಅನ್ನುವ ಭಾಷಣಗಳಲ್ಲಿ ‘ಕಾಯಕವೇ ಕೈಲಾಸ’ ಬರದೇ ಇರುವುದಿಲ್ಲ. ಈ ಮಾತು ಸಿಗುವುದು ಹನ್ನೆರಡನೇ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ತೊಡಗಿದಾಗ ಗುರು ಎದುರು ಬಂದರೂ ಮರೆಯಬೇಕು ಎಂದವನು ಅವನು. ದುಡಿತದ ಪರವಾಗಿ ಇದಕ್ಕಿಂತ ಜೋರಾದ ಮಾತು ಇನ್ನೊಂದಿಲ್ಲ.

ಭಾಷಣಕಾರರು ಅಲ್ಲಿಗೆ ನಿಲ್ಲಿಸುತ್ತಾರೆ. ಮಾರಯ್ಯನ ಮನೆಯಲ್ಲಿ ಲಕ್ಕಮ್ಮನೂ ಇದ್ದಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಈಸಕ್ಕಿಯಾಸೆ ನಿಮಗೇಕೆ ಎಂದು ಅವಳು ಕೇಳಿದಳು. ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ಅವರ ಕಾಯಕಕ್ಕೆ ‘ಇಷ್ಟು ಸಾಕು’ ಅನ್ನುವ ಅಂಚು ಇತ್ತು. ಅದರ ಫಲ ದಾಸೋಹದಲ್ಲಿ ಯಾರ ಹೊಟ್ಟೆಗೆ ಹೋಗುತ್ತದೆ ಅನ್ನುವುದೂ ಕಣ್ಣೆದುರು ಇತ್ತು. ಆ ಎರಡನ್ನೂ ಕಿತ್ತು ಬರೀ ದುಡಿತವನ್ನು ಉಳಿಸಿಕೊಂಡರೆ ಅದು ಮಾರಯ್ಯನ ಮಾತಾಗಿ ಉಳಿಯುವುದಿಲ್ಲ.

ಮುಂದೆ ಏನಾಗಬಹುದು

10 ಗಂಟೆಯ ಪ್ರಸ್ತಾವ ಯಾವಾಗ ಬೇಕಾದರೂ ಮತ್ತೆ ತಲೆ ಎತ್ತಬಹುದು. 2024ರಲ್ಲಿ 14 ಗಂಟೆಯ ರೂಪದಲ್ಲಿ ಬಂದಾಗ ಐಟಿ ನೌಕರರ ಸಂಘಟನೆಗಳು ಬೀದಿಗಿಳಿದಿದ್ದವು. 2025ರಲ್ಲಿ ಅದು ಸಣ್ಣದಾಗಿ ಮರಳಿತು. ಜಾರಿಗೆ ಬಂದರೆ ಮೊದಲ ಪೆಟ್ಟು ಬೀಳುವುದು ಹೆಣ್ಣುಮಕ್ಕಳ ಮೇಲೆ. ದಿನ ಉದ್ದವಾದಷ್ಟೂ ಮನೆಯ ಕೆಲಸ ಹಂಚಿಕೊಳ್ಳದ ಕುಟುಂಬಗಳಲ್ಲಿ ಕೆಲಸ ಬಿಡುವವರು ಯಾರು ಅನ್ನುವುದು ಗೊತ್ತಿರುವ ವಿಷಯ. ಇನ್ನೊಂದು ಪರಿಣಾಮ ಹೊಸ ನೇಮಕಾತಿಯ ಮೇಲೆ. ಇಬ್ಬರು 12 ಗಂಟೆ ದುಡಿದರೆ ಮೂವರ 8 ಗಂಟೆಯ ಕೆಲಸ ಮುಗಿಯುತ್ತದೆ. ಓವರ್‌ಟೈಮ್‌ಗೆ ದುಪ್ಪಟ್ಟು ಕೊಟ್ಟರೆ ಈ ಲೆಕ್ಕ ಮಾಲೀಕನಿಗೆ ಗಿಟ್ಟುವುದಿಲ್ಲ. ಕೊಡದಿದ್ದರೆ ಚೆನ್ನಾಗಿ ಗಿಟ್ಟುತ್ತದೆ.

ಎದುರು ದಿಕ್ಕಿನಲ್ಲಿ, ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕು ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಇದೆ. ನಮ್ಮ ಸಂಸತ್ತಿನಲ್ಲಿ ಸಂಸದೆ ಸುಪ್ರಿಯಾ ಸುಳೆ ಇದನ್ನು ಖಾಸಗಿ ಮಸೂದೆಯಾಗಿ, ಅಂದರೆ ಸರ್ಕಾರದ ಬದಲು ಸದಸ್ಯರೇ ತರುವ ಮಸೂದೆಯಾಗಿ, ಮಂಡಿಸಿದ್ದಾರೆ. ಖಾಸಗಿ ಮಸೂದೆಗಳು ಕಾನೂನಾಗುವುದು ತೀರಾ ಅಪರೂಪ, ಆದ್ದರಿಂದ ಇದರ ಮೇಲೆ ಸದ್ಯಕ್ಕೆ ಆಸೆ ಇಟ್ಟುಕೊಳ್ಳುವುದು ಬೇಡ.

ಅಷ್ಟರಲ್ಲಿ ಗಮನಿಸಬೇಕಾದ ಒಂದು ಸಣ್ಣ ಸಂಗತಿ ಇದೆ. ದಿನಕ್ಕೆ 9 ಗಂಟೆ 15 ನಿಮಿಷ ದಾಟಿದಿರಿ ಎಂದು ಕಂಪನಿಯೊಂದು ಇಮೇಲ್ ಕಳಿಸಬಲ್ಲದು ಅಂದರೆ, ಯಾರು ಎಷ್ಟು ನಿಮಿಷ ದುಡಿದರು ಎಂಬ ದಾಖಲೆ ಅದರ ಬಳಿ ಇದೆ ಎಂದರ್ಥ. ಗೇಟಿನ ಸ್ವೈಪ್, ಲ್ಯಾಪ್‌ಟಾಪ್ ಲಾಗಿನ್, ಕ್ಲೈಂಟ್‌ಗೆ ಹೋಗುವ ಟೈಮ್‌ಶೀಟ್ ಎಲ್ಲವೂ ಉಂಟು. ಓವರ್‌ಟೈಮ್ ಲೆಕ್ಕ ಇಡುವುದು ಕಷ್ಟ ಅನ್ನುವ ಹಳೆಯ ನೆಪ ಈಗ ನಡೆಯುವುದಿಲ್ಲ. 50 ಗಂಟೆಯೋ 144 ಗಂಟೆಯೋ ಎಂದು ಇಲಾಖೆ ಮುಂದಿನ ಸಲ ಸಭೆ ಕರೆದಾಗ, ಆ ದಾಖಲೆ ಸಂಬಳದ ಸ್ಲಿಪ್‌ನಲ್ಲಿ ಯಾವ ಸಾಲಿಗೆ ಬರುತ್ತದೆ ಎಂದು ಮೊದಲು ಕೇಳಬಹುದು.